ಎರೆಮಣ್ಣು ಬೇಡವೆಂದ ಬಳ್ಳಿ

ಹಸಿ ಸಿಮೆಂಟಿನ ವಾಸನೆ ಬಂದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಕಳೆದ ವಾರ ಸಾನಪಾಡಾದ ಮಗಳ ಮನೆಯಲ್ಲಿದ್ದೆ. ಎದುರಿನ ಕಟ್ಟಡದವರು ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸುತ್ತಿದ್ದರು. ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ಕೂತವಳು ಎದ್ದು ಒಳಗೆ ಬಂದು ಕಿಟಕಿ ಮುಚ್ಚಿದೆ. ಧೂಳು ಬರುತ್ತದೇನಮ್ಮಾ ಎಂದು ಮಗಳು ಕೇಳಿದಳು. ಧೂಳಲ್ಲ, ಸಿಟ್ಟು ಎಂದೆ. ಅವಳಿಗೆ ನಗು ಬಂತು. ನಗಲಿ. ಬೇಲಾಪುರದ ಆ ವರ್ಷದಲ್ಲಿ ಅವಳು ಇನ್ನೂ ಎರಡು ಜಡೆಯ ಹುಡುಗಿ. ಮಳೆಗಾಲದಲ್ಲಿ ಬಚ್ಚಲಿಗೆ ಕಪ್ಪೆ ಬಂದದ್ದು ಬಿಟ್ಟರೆ ಅವಳಿಗೆ ಏನೂ ನೆನಪಿಲ್ಲ.

ನನಗೆ ಎಲ್ಲ ನೆನಪಿದೆ. ಎಂಬತ್ತರ ದಶಕದ ನಡುವಿನ ಮಾತು. ಡೊಂಬಿವಲಿಯ ಚಾಳಿನಲ್ಲಿ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೊಮ್ಮೆ ಬೇಲಾಪುರದ ಹೊಸ ಕಟ್ಟಡವೊಂದರಲ್ಲಿ ಮನೆ ಮಾಡಿದೆವು. ನಮ್ಮವರು ಥಾಣೆಯ ಬ್ಯಾಂಕಿನಲ್ಲಿ ಗುಮಾಸ್ತರು. ಮನೆ ಆರಿಸುವಾಗ ಎಲ್ಲರೂ ಮೇಲಿನ ಮಾಳಿಗೆಗೆ ಮುಗಿಬಿದ್ದರು. ಅಲ್ಲಿ ಗಾಳಿ ಬರುತ್ತದೆ, ಖಾಡಿ ಎನ್ನುವ ಕಡಲ ಹಿನ್ನೀರು ಕಾಣುತ್ತದೆ. ನಾನು ಕೆಳಗಿನ ಮನೆಯೇ ಬೇಕೆಂದು ಪಟ್ಟು ಹಿಡಿದೆ. ಕೆಳಗಿನವರಿಗೆ ಮನೆಯ ಮುಂದೆ ಒಂದು ಪಟ್ಟಿ ನೆಲ ಬಳಸಲು ಬಿಟ್ಟಿದ್ದರು, ಎರಡು ಸೀರೆ ಹಾಸಿದಷ್ಟು ಜಾಗ. ಅಣ್ಣಿಗೇರಿಯ ಕಡೆಯ ಕರಿಮಣ್ಣಿನ ಎರೆಹೊಲದಲ್ಲಿ ಹುಟ್ಟಿ ಬೆಳೆದವಳು ನಾನು. ಡೊಂಬಿವಲಿಯಲ್ಲಿ ಡಾಲ್ಡಾ ಡಬ್ಬಿಯಲ್ಲಿ ಕೊತ್ತಂಬರಿ ಬೆಳೆದು ಬೆಳೆದು ಬೇಸತ್ತಿದ್ದೆ.

"ಕೆಳಗಿನ ಮನಿಗೆ ಎಲ್ಲಾರ ಕಸಾ ಬೀಳತೈತಿ, ಸೊಳ್ಳಿ ಬರತಾವ, ಹಾವೂ ಬರತಾವ" ಎಂದರು ಅತ್ತೆ. "ಬರ್ಲಿ ಅತ್ತಿ, ಅವಕ್ಕೂ ನೆಲಾ ಬೇಕಲಾ" ಎಂದೆ. ಅವರು ಮಗನ ಮುಖ ನೋಡಿದರು. ಮಗ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಹಾಗೆ ಆ ಮನೆ ನಮ್ಮದಾಯಿತು.

ಆದರೆ ಅದು ನೆಲವೇ ಆಗಿರಲಿಲ್ಲ. ಹಿಂದೆ ಖಾಡಿಯ ಕೆಸರಿದ್ದ ಜಾಗ. ಗುಡ್ಡ ಕಡಿದು ತಂದ ಕೆಂಪು ಮುರುಮು ಸುರಿದು ಅದರ ಮೇಲೆ ಊರು ಕಟ್ಟುತ್ತಿದ್ದರು. ಬಿಸಿಲು ಏರುತ್ತಿದ್ದಂತೆ ಕೆಳಗಿನ ಉಪ್ಪು ಮೇಲೆ ಬಂದು ನೆಲದ ತುಂಬ ಬಿಳಿ ಪೊರೆ ಕಟ್ಟುತ್ತಿತ್ತು. ಅತ್ತೆಯ ತುಳಸಿಯ ಎಲೆಯಂಚು ಸುಟ್ಟಂತಾಯಿತು. ಗುಲಾಬಿ ಸತ್ತಿತು, ದಾಸವಾಳ ಸತ್ತಿತು, ಎಲ್ಲಿ ಬೇಕಾದರೂ ಬರುವ ಚೆಂಡುಹೂವೂ ಮೊಣಕಾಲೆತ್ತರಕ್ಕೆ ಬರುವ ಮೊದಲೇ ಬಾಡಿತು.

ನಮ್ಮ ಸೊಸೈಟಿಯ ಸೆಕ್ರೆಟರಿ ಪಾಟೀಲರು ಮೂರನೇ ಮಾಳಿಗೆಯವರು. ಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಹಿರಿಯರು ಬೆಳಗಾವಿ ಕಡೆಯವರಾದರೂ ಇವರು ಹುಟ್ಟಿದ್ದು ಬೆಳೆದದ್ದು ಕಲ್ಯಾಣದಲ್ಲೇ. ಹೊಲ ಎಂಬುದನ್ನು ರೈಲಿನ ಕಿಟಕಿಯಿಂದ ನೋಡಿದವರು. ಕೆಟ್ಟ ಮನುಷ್ಯರಲ್ಲ. ಎಲ್ಲವೂ ಒಪ್ಪವಾಗಿ, ಗುಡಿಸಲು ಬರುವಂತೆ ಇರಬೇಕು ಎಂಬ ಹುಚ್ಚು ಮಾತ್ರ ಇತ್ತು.

"ವೈನಿ, ಹೀ ಜಮೀನ್ ಖಾರಿ ಐತ್ರಿ" ಎಂದರು ಒಂದು ದಿನ, ನನ್ನ ಸತ್ತ ಗುಲಾಬಿಯನ್ನು ನೋಡುತ್ತ. "ಗುಲಾಬ್ ಬಿಡ್ರಿ, ಗವತ್ ಸುದ್ದಾ ಹತ್ತಂಗಿಲ್ಲ. ಸಿಮೆಂಟ್ ಹಾಕಿದ್ರ ನಾಕ್ ಸ್ಕೂಟರ್ ಆದ್ರೂ ನಿಲ್ತಾವ."

ನನ್ನ ನೆಲ ಉಪ್ಪಂತೆ! ಅದರಲ್ಲಿ ಹುಲ್ಲೂ ಹತ್ತುವುದಿಲ್ಲವೇ? ಎರೆಹೊಲದವರ ಮಗಳಿಗೆ ಈ ಮಾತು ಹೇಳಿದರೆ ಸುಮ್ಮನಿರುತ್ತಾಳೆಯೇ? ಅಂದೇ ಅಣ್ಣನಿಗೆ ಹೇಳಿಕಳಿಸಿದೆ. ನಮ್ಮ ಊರಿನ ಉಳ್ಳಾಗಡ್ಡಿ ಲಾರಿಗಳು ತುರ್ಭೆಯ ಮಾರ್ಕೆಟ್ಟಿಗೆ ಬರುತ್ತಿದ್ದವು. ಬೇಸಿಗೆಯ ಮೊದಲಿಗೆ ಬಂದ ಲಾರಿಯೊಂದು ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಇಳಿಸಿ ನಮ್ಮ ಗೇಟಿಗೆ ಬಂತು. ಅದರಲ್ಲಿ ನನ್ನ ತವರಿನ ಹೊಲದ ಕರಿ ಮಣ್ಣು, ಚೀಲ ಚೀಲ. ಡ್ರೈವರ್ ಇಳಿಸುತ್ತ, "ಏನ್ರೀ ಅಕ್ಕಾರ, ಮುಂಬೈ ಮಂದೀಗೆ ಮಣ್ಣೂ ಸಿಗೂದಿಲ್ಲೇನು?" ಎಂದ. ಎರಡು ಭಾನುವಾರ ನಮ್ಮವರು ಗೊಣಗುತ್ತ ಮುರುಮು ಅಗೆದು ಹಾಕಿದರು, ಮೊಣಕಾಲು ಮುಳುಗುವಷ್ಟು ಆಳಕ್ಕೆ. ಅದರ ತುಂಬ ಎರೆಮಣ್ಣು ಸುರಿದೆ. ಮೊದಲ ನೀರು ಹಾಕಿದಾಗ ಬಂದ ವಾಸನೆಗೆ ನನಗೆ ಅಳು ಬಂತು, ಮುಚ್ಚಿಡುವುದೇನು. ಪಾಟೀಲರು ಹೋಗಿ ಬರುವಾಗ ಕಾಣಲೆಂದೇ ಹೊಸ ತುಳಸಿಯನ್ನು ನಡುವೆ ನೆಟ್ಟೆ. ಅದು ಚಿಗುರಿ ನಿಂತಿತು.

ಅಡುಂಬು ಬಳ್ಳಿ ಬಂದದ್ದು ಆ ಮೇ ತಿಂಗಳಲ್ಲಿ. ನಮ್ಮ ಎದುರಿನ ಬಾಗಿಲಿನ ಜಲಜಕ್ಕ ಉಡುಪಿಯ ಹತ್ತಿರ ಕಾಪು ಕಡೆಯವರು. ಗಂಡ ಥಾಣೆಯ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಮನೆಯೊಳಗೆ ತುಳು, ನನ್ನ ಜೊತೆ ಕನ್ನಡ. ರಜೆಗೆ ಊರಿಗೆ ಹೋದವರು ಬಸ್ಸಿನಲ್ಲಿ ಒಂದು ಬುಟ್ಟಿ ಮಾವಿನಹಣ್ಣು ತಂದಿದ್ದರು. ಬುಟ್ಟಿಯ ಬಾಯಿಗೆ ಅವರ ಅಮ್ಮ ಹಗ್ಗ ಸಿಗದೆ ಯಾವುದೋ ದಪ್ಪ ಬಳ್ಳಿ ಬಿಗಿದಿದ್ದರು. ಜಲಜಕ್ಕ ಅದನ್ನು ಬಿಚ್ಚಿ ಕಸದ ಡಬ್ಬಿಗೆ ಎಸೆದದ್ದನ್ನು ನೋಡಿದೆ. ಮರುದಿನವೂ ಅದು ಬಾಡಿರಲಿಲ್ಲ. ಗಿಣ್ಣಿನ ಹತ್ತಿರ ಬಿಳಿ ಬೇರಿನ ತುದಿ ಇಣುಕುತ್ತಿತ್ತು. ಅಷ್ಟು ದೂರ ಬಸ್ಸಿನ ಟಾಪಿನ ಮೇಲೆ ಬಿಸಿಲು ತಿಂದು, ಕಸದಲ್ಲಿ ಬಿದ್ದೂ ಬೇರು ಬಿಡುತ್ತದೆಂದರೆ! ಎತ್ತಿಕೊಂಡೆ.

"ಅಯ್ಯೋ, ಅದನ್ನೆಂತಕ್ಕೆ ಹೆಕ್ಕಿದ್ರಿ?" ಜಲಜಕ್ಕನಿಗೆ ನಾಚಿಕೆಯಾಗಿತ್ತು. "ಅದು ಅಡುಂಬು. ಕಡಲ ಬದಿಯ ಹೊಯಿಗೆ ದಿಣ್ಣೆಯಲ್ಲಿ ರಾಶಿ ಬಿದ್ದಿರ್ತದೆ. ನಮ್ಮಲ್ಲಿ ಅದನ್ನು ಯಾರೂ ನೆಡುವುದಿಲ್ಲ ಮಾರಾಯ್ರೆ."

"ಹೂ ಬಿಡತೈತೇನ್ರಿ?"

"ಬಿಡದೆ ಎಂತ? ನೇರಳೆ ಬಣ್ಣದ್ದು. ಬೆಳಿಗ್ಗೆ ಅರಳ್ತದೆ, ಬಿಸಿಲು ಜೋರಾದ ಮೇಲೆ ಮುದುಡ್ತದೆ. ಪರಿಮಳ ಇಲ್ಲ."

ಹೂ ಬಿಡುವುದಾದರೆ ಸಾಕು. ಕರಿಮಣ್ಣಿನ ಒಂದು ಮೂಲೆಯಲ್ಲಿ ಊರಿದೆ. ಹತ್ತಿರದ ಎಮ್ಮೆಗಳ ತಬೇಲಾದಿಂದ ಸಗಣಿ ತಂದು ಬುಡಕ್ಕೆ ಹಾಕಿದೆ. ದಿನಾ ಎರಡು ಹೊತ್ತು ನೀರು.

ಜೂನಿನಲ್ಲಿ ಮಳೆ ಹಿಡಿಯಿತು. ಅಲ್ಲಿಯ ಮಳೆ ನಮ್ಮ ಕಡೆಯ ಮಳೆಯಂತೆ ಬಂದು ಹೋಗುವುದಲ್ಲ, ಬಂದು ಕೂರುವಂಥದು. ಕೆಳಗೆ ಗಟ್ಟಿಯಾದ ಮುರುಮು, ಮೇಲೆ ನೀರು ಬಿಡದ ಎರೆಮಣ್ಣು. ನನ್ನ ಪಟ್ಟಿ ಎಮ್ಮೆ ಹೊರಳಿದ ಹೊಂಡದಂತಾಯಿತು. ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ತುಳಸಿಯ ಬೇರು ಕೊಳೆಯಿತು. ಬಳ್ಳಿ ಮಾತ್ರ ತುಸು ಎತ್ತರದ ಮೂಲೆಯಲ್ಲಿದ್ದದ್ದರಿಂದ ಬದುಕಿತು. ಬದುಕಿದ್ದಷ್ಟೇ ಅಲ್ಲ, ಹುಚ್ಚು ಹಿಡಿದಂತೆ ಬೆಳೆಯಿತು. ಆಕಳ ಗೊರಸಿನಂತೆ ನಡುವೆ ಸೀಳಿದ ಎಲೆಗಳು ಅಂಗೈ ಅಗಲವಾದವು. ಪಟ್ಟಿ ದಾಟಿ ನಡೆಯುವ ದಾರಿಗೂ ಹರಿಯಿತು. ಒಂದು ಮೊಗ್ಗಿಲ್ಲ.

ಜಲಜಕ್ಕ ನಕ್ಕರು. "ನೀವು ಊಟ ಹಾಕಿ ಹಾಕಿ ಅದಕ್ಕೆ ಕೊಬ್ಬು ಬರಿಸಿದ್ದೀರಿ. ಅದಕ್ಕೆ ಈ ಮಣ್ಣು ಆಗುವುದಿಲ್ಲ. ಹೊಯಿಗೆ ಬೇಕು. ಕಾಲಿಟ್ಟರೆ ಸುಡುವಷ್ಟು ಬಿಸಿಲು, ಉಪ್ಪು ಗಾಳಿ, ನೀರು ನಿಲ್ಲಬಾರದು. ಗಾಳಿಗೆ ಹೊಯಿಗೆ ಬಂದು ಮೇಲೆ ಬಿದ್ದರೆ ಅದು ಇನ್ನೂ ಜೋರು ಬರ್ತದೆ."

"ಉಸುಕು ಅಂದ್ರ ಮಣ್ಣೇನ್ರಿ?" ಎಂದೆ. ಸಿಟ್ಟೇ ಬಂದಿತ್ತು. ಅವರ ಹೊಯಿಗೆ ನಮ್ಮ ಉಸುಕು. ನಮ್ಮ ಊರಿನಲ್ಲಿ ಅದೆಂದರೆ ಹಳ್ಳದಿಂದ ತಂದು ಪಾತ್ರೆ ತಿಕ್ಕುವ ಸಾಮಾನು. ಅದನ್ನು ತಮ್ಮ ಮಣ್ಣಿಗಿಂತ ಹೆಚ್ಚು ಎಂದು ಒಪ್ಪುವ ಎರೆನಾಡಿನವರನ್ನು ಹುಡುಕಿ ತನ್ನಿ ನೋಡೋಣ. ನಾನು ಇನ್ನೊಂದು ಬುಟ್ಟಿ ಗೊಬ್ಬರ ಹಾಕಿದೆ. ಎಲೆಗಳು ಇನ್ನೂ ಅಗಲವಾದವು.

ಅಷ್ಟರಲ್ಲಿ ಅತ್ತೆ ಅದರದೊಂದು ಉಪಯೋಗ ಕಂಡುಕೊಂಡಿದ್ದರು. ಕಡಲ ಕಡೆಯವರು ಎಲೆ ಬಿಸಿ ಮಾಡಿ ಊದಿದ ಮೊಣಕಾಲಿಗೆ ಕಟ್ಟುತ್ತಾರೆಂದು ಜಲಜಕ್ಕ ಹೇಳಿದ್ದೇ ತಡ, ದಿನಾ ಸಂಜೆ ನಾಲ್ಕು ಎಲೆ ಕಿತ್ತು ಹಂಚಿನ ಮೇಲೆ ಬಾಡಿಸತೊಡಗಿದರು. ನೋವು ಹೋಯಿತೋ ಇಲ್ಲವೋ, ಬಳ್ಳಿಯನ್ನು ಬೈಯುವುದು ನಿಂತಿತು.

ಗಣಪತಿ ಮುಗಿದ ಮೇಲೆ ಸೊಸೈಟಿಯ ಮೀಟಿಂಗು ನಡೆಯಿತು. ಪಾಟೀಲರು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸುವ ಮಾತು ತೆಗೆದರು. ಮಳೆಗಾಲದ ಕೆಸರು ತುಳಿದು ಸಾಕಾಗಿದ್ದ ಮೇಲಿನ ಮಾಳಿಗೆಯವರೆಲ್ಲ ಕೈ ಎತ್ತಿದರು. ಕೆಳಗಿನವರ ಪಟ್ಟಿಗಳೂ ಅದರಲ್ಲೇ ಸೇರಿದ್ದವು. ಉಳಿದ ಕೆಳಗಿನವರು ಒಪ್ಪಿಯೂ ಆಗಿತ್ತು, ಅವರಿಗೆ ಸ್ಕೂಟರಿತ್ತು. ಸದಸ್ಯರು ನಮ್ಮವರು, ನಾನಲ್ಲ. ನಮ್ಮವರು ಬೇಡವೆಂದು ಒಬ್ಬರೇ ಕೈ ಎತ್ತಿ ಆಚೀಚೆ ನೋಡಿ ನಿಧಾನ ಇಳಿಸಿದರು. ನಾನು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದೆ.

"ನಮ್ಮ ಪಟ್ಟಿ ಮುಟ್ಟಬ್ಯಾಡ್ರಿ" ಎಂದೆ ಅಲ್ಲಿಂದಲೇ.

ಪಾಟೀಲರು ತಿರುಗಿದರು. "ವೈನಿ, ತುಳಸೀ ಎರಡ್ ಸಲಾ ಹೋತು. ಈಗ ಆ ಬಳ್ಳಿ, ನುಸತೀ ಎಲಿ, ಒಂದೂ ಹೂವಿಲ್ಲ. ಹಿಂಗ ಮಾಡೂಣು. ದಿವಾಳಿ ತನಕ ಟೈಮ್ ಕೊಡ್ತೀನಿ. ಒಂದ ಹೂವು ತೋರಸ್ರಿ, ನಿಮ್ಮ ಪಟ್ಟಿ ಬಿಟ್ಟು ಸಿಮೆಂಟ್ ಹಾಕಸ್ತೀನಿ."

ಎಲ್ಲರೂ ನಕ್ಕರು. ನಮ್ಮವರೂ ನಕ್ಕರೆಂದು ನನಗೆ ಅನುಮಾನ. "ಆತು" ಎಂದು ಒಳಗೆ ಬಂದೆ. ಆ ನೆಲ ಹೋದರೆ ಡೊಂಬಿವಲಿಯ ಡಾಲ್ಡಾ ಡಬ್ಬಿಗೇ ತಿರುಗಿ ಹೋದ ಹಾಗೆ.

ಮಳೆ ನಿಂತು ಅಕ್ಟೋಬರಿನ ಬಿಸಿಲು ಬಂತು. ನಾನು ಬೆಳಿಗ್ಗೆ ಎದ್ದ ಕೂಡಲೇ ಪಟ್ಟಿಯಲ್ಲಿ ಕೂತು ಎಲೆ ಸರಿಸಿ ಮೊಗ್ಗು ಹುಡುಕುತ್ತಿದ್ದೆ. ಏನೂ ಇಲ್ಲ. ಒಂದು ಬೆಳಿಗ್ಗೆ ಹಾಲು ತರಲು ಹೊರಟವಳಿಗೆ ಕಾಂಪೌಂಡ್ ಗೋಡೆಯ ಮೂಲೆಯಲ್ಲಿ ಏನೋ ನೇರಳೆ ಬಣ್ಣ ಕಂಡಿತು. ಅಲ್ಲಿ ನೀರಿನ ಟಾಕಿ ಕಟ್ಟುವಾಗ ಉಳಿದ ಮರಳಿನ, ಅಲ್ಲಿಯವರ ಬಾಯಲ್ಲಿ ರೇತಿಯ, ಗುಡ್ಡೆ ಇತ್ತು. ಕಲ್ಯಾಣದ ಕಡೆ ಖಾಡಿಯಿಂದ ಎತ್ತಿ ಲಾರಿಯಲ್ಲಿ ತಂದದ್ದು, ಸರಿಯಾಗಿ ತೊಳೆಯದ ಉಪ್ಪುಪ್ಪು ರೇತಿ. ಬೆಕ್ಕುಗಳು ಮಾತ್ರ ಅದನ್ನು ಬಳಸುತ್ತಿದ್ದವು. ನನ್ನ ಬಳ್ಳಿಯ ಒಂದು ಎಳೆ ದಾರಿ ದಾಟಿ, ಗಟಾರದ ಅಂಚು ಹಿಡಿದು, ಆ ಗುಡ್ಡೆ ಏರಿತ್ತು. ಅಲ್ಲಿ ಎಲೆಗಳು ಸಣ್ಣವು, ದಪ್ಪ, ಹೊಳಪು. ಅವುಗಳ ನಡುವೆ ತುತ್ತೂರಿಯಂಥ ಎರಡು ಹೂ. ಒಳಗಂಟಲು ಇನ್ನೂ ಗಾಢ ಬಣ್ಣ. ಮುಟ್ಟಿದರೆ ಹರಿಯುವಷ್ಟು ತೆಳ್ಳಗೆ.

ನನಗೆ ಮೊದಲು ಬಂದದ್ದು ಸಂತೋಷವಲ್ಲ, ಅವಮಾನ. ನನ್ನ ಅಪ್ಪನ ಹೊಲದ ಮಣ್ಣು ತಿಂದು, ನನ್ನ ಗೊಬ್ಬರ ತಿಂದು, ಬೆಕ್ಕಿನ ಕಕ್ಕಸಿಗೆ ಹೋಗಿ ಹೂ ಬಿಟ್ಟಿತಲ್ಲ ಎಂದು. ಆಮೇಲೆ ಹಾಲಿನ ಪಾತ್ರೆ ಅಲ್ಲೇ ಇಟ್ಟು ಮೂರು ಮಾಳಿಗೆ ಹತ್ತಿ ಪಾಟೀಲರ ಬಾಗಿಲು ಬಡಿದೆ. ಅವರು ಆಗಲೇ ಕಲ್ಯಾಣದ ಬಸ್ಸಿಗೆ ಹೋಗಿದ್ದರು.

ಸಂಜೆ ಅವರು ಬಂದು ನೋಡುವ ಹೊತ್ತಿಗೆ ಹೂ ಮುದುಡಿ, ಒದ್ದೆ ಕಾಗದದ ಸುರುಳಿಯಂತಾಗಿತ್ತು. "ಎಲ್ಲೈತ್ರಿ ಹೂವು? ಮಲಕ್ಕೊಂಡೈತೇನು?" ಎಂದರು. "ನಾಳೆ ಮುಂಜಾನೆ ಬಸ್ ಹಿಡಿಯೂ ಮೊದಲ ಬರ್ರಿ" ಎಂದೆ. ಬರುವುದಿಲ್ಲವೆಂದು ಗೊತ್ತಿತ್ತು. ಮರುದಿನ ಮೆಟ್ಟಿಲ ಬುಡದಲ್ಲೇ ಕಾದು ನಿಂತೆ, ಕೈಹಿಡಿದು ಎಳೆದೊಯ್ಯುವುದೊಂದು ಬಾಕಿ. ಹೊಸ ಹೂಗಳು ಅರಳಿದ್ದವು. ಪಾಟೀಲರು ಬ್ಯಾಗು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿ ನೋಡಿದರು.

"ಹೂ ಖರೆ" ಎಂದರು ಕೊನೆಗೆ. "ಆದ್ರ ವೈನಿ, ಇದು ನಿಮ್ಮ ಪಟ್ಟಿ ಅಲ್ಲ. ರೇತಿ ಸೊಸೈಟೀದು. ಸಿಮೆಂಟಿಗೆ ಇದ ರೇತಿ ಬಳಸೂದೈತಿ."

ಬಟ್ಟೆ ಅಳೆಯುವಾಗ ಬೆರಳಗಲ ಉಳಿಸುವ ಬುದ್ಧಿ ಅದು. "ಬೇರು ನನ್ನ ಜಾಗದಾಗ ಐತಿ" ಎಂದೆ. "ಹೂವು ನಮ್ಮ ಜಾಗದಾಗ ಐತಿ" ಎಂದು ಅವರು ಬಸ್ಸಿಗೆ ಹೋದರು.

ದಿವಾಳಿ ಮುಗಿದ ಭಾನುವಾರ ಗೌಂಡಿಗಳು ಬಂದರು. ಸಿಮೆಂಟಿನ ಚೀಲಗಳು ಇಳಿದವು. ರೇತಿ ತುಂಬಲು ಬುಟ್ಟಿ, ಸಲಿಕೆ ಹಿಡಿದು ಮೂಲೆಗೆ ಬಂದಾಗ ನಾನು ಗುಡ್ಡೆಯ ಮೇಲೆ ಕೂತಿದ್ದೆ. ಬಳ್ಳಿ ತುಳಿಯದಂತೆ ಕಾಲು ಮಡಚಿ, ಸೆರಗು ಸುತ್ತಿಕೊಂಡು. ಬಾಲ್ಕನಿಗಳಲ್ಲಿ ಜನ ನೆರೆದರು. ನಮ್ಮವರು ಒಳಗೆ ಹೋದವರು ಹೊರಗೆ ಬರಲಿಲ್ಲ. ಅತ್ತೆ ಬಂದರು. ಎಬ್ಬಿಸುತ್ತಾರೆಂದುಕೊಂಡೆ. ಕೈಯಲ್ಲಿದ್ದ ಗೋಣಿಚೀಲ ನನ್ನ ಕಡೆ ಎಸೆದರು.

"ಕುಂದರೂದು ಐತಿ ಅಂದ್ರ ಇದನ್ನ ಹಾಸ್ಕೊಂಡು ಕುಂದರು. ಉಸುಕು ಕಾದೈತಿ."

ಪಾಟೀಲರು ಇಳಿದು ಬಂದರು. "ವೈನಿ, ಸೊಸೈಟಿ ಪಾಸ್ ಮಾಡಿದ ಕೆಲಸಾ ಇದು. ಗೌಂಡೀನ ಒಂದ ದಿನಾ ಸುಮ್ನ ಕೂಡಿಸಿದ್ರ ಹೆಂಗ?"

"ಕೂಡಸಬ್ಯಾಡ್ರಿ. ನನ್ನ ಪಟ್ಟಿಗೆ ಹಾಕಸ್ರಿ ಸಿಮೆಂಟು" ಎಂದೆ.

ಅವರಿಗೆ ತಿಳಿಯಲಿಲ್ಲ. ನನಗೂ ಆ ಮಾತು ಬಾಯಿಗೆ ಬರುವವರೆಗೆ ತಿಳಿದಿರಲಿಲ್ಲ. "ಆ ಪಟ್ಟಿ ನಿಮಗ, ಈ ಮೂಲಿ ನನಗ. ರೇತಿ ಬ್ಯಾರೆ ತರಸ್ರಿ. ನಾಕ್ ಸ್ಕೂಟರ್ ನಿಲ್ಲೂ ಜಾಗಾ ಕೊಡಾಕತ್ತೀನಿ, ಬೆಕ್ಕು ಕೂಡೂ ಜಾಗಾ ಕೇಳಾಕತ್ತೀನಿ. ಲಾಸ್ ಯಾರಿಗೆ ಐತಿ ನೋಡ್ರಿ."

ವ್ಯಾಪಾರಿ ಮನುಷ್ಯ, ಲೆಕ್ಕ ಕೂಡಲೇ ಹಿಡಿದರು. ಗೋಡೆಯ ಮೂಲೆ, ಗಟಾರದ ಪಕ್ಕ, ಯಾರಿಗೂ ಬೇಡದ ಜಾಗ. "ಪಕ್ಕಾ?" ಎಂದರು. "ಪಕ್ಕಾ" ಎಂದು ಎದ್ದೆ. ಮನೆಯಿಂದ ಕುಡಗೋಲು ತಂದು, ಗುಡ್ಡೆಯ ಬುಡದಲ್ಲಿ ಬಳ್ಳಿಯನ್ನು ನಾನೇ ಕಡಿದೆ. ಆ ಕಡೆ ಕರಿಮಣ್ಣು, ಈ ಕಡೆ ರೇತಿ. ಕಡಿದ ಬಳ್ಳಿ ಒಣಗುತ್ತದೇನೋ ಎಂದು ಅಲ್ಲೇ ಬಗ್ಗಿ ನೋಡುತ್ತಿದ್ದೆ. ಜಲಜಕ್ಕ ಹತ್ತಿರ ಬಂದು ರೇತಿಯನ್ನು ಕೆದಕಿ ತೋರಿಸಿದರು. "ಹೆದರಬೇಡಿ, ಕಣ್ಣು ಕಣ್ಣಿಗೂ ಬೇರು ಬಿಟ್ಟುಂಟು. ಇದಕ್ಕೆ ಇನ್ನು ಯಾರ ಹಂಗೂ ಬೇಡ."

ಮಧ್ಯಾಹ್ನ ಬೇರೆ ರೇತಿ ಬಂತು. ನನ್ನ ಎರೆಮಣ್ಣಿನ ಮೇಲೆ ಗೌಂಡಿಗಳು ಕಲ್ಲು ಹರಡಿ ಸಿಮೆಂಟು ಸುರಿದು ಹಲಗೆಯಿಂದ ತೀಡಿದರು. ಆ ವಾಸನೆ ಮನೆ ತುಂಬಿತು. ಅತ್ತೆ ನನ್ನ ಪಕ್ಕ ನಿಂತು ನೋಡುತ್ತಿದ್ದರು. ಅವರೂ ಎರೆನಾಡಿನವರೇ.

"ಹೇಳೂದಿಲ್ಲೇನು ಅವರಿಗೆ?" ಎಂದರು ಮೆಲ್ಲಗೆ.

"ಇಲ್ಲ."

ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬಿ ಏಳುತ್ತದೆ. ಅದರ ಮೇಲೆ ಹಾಸಿದ್ದು ಯಾವುದೂ ನಿಲ್ಲುವುದಿಲ್ಲ. ನಮ್ಮ ಊರಿನಲ್ಲಿ ಮನೆ ಕಟ್ಟುವವರು ಗಟ್ಟಿ ನೆಲ ಸಿಗುವವರೆಗೆ ಆ ಮಣ್ಣನ್ನು ಅಗೆದು ಎತ್ತಿ ಹಾಕಿಯೇ ಮುಂದಿನ ಕೆಲಸ ಹಿಡಿಯುವುದು. ಮಕ್ಕಳಿಗೂ ಗೊತ್ತಿರುವ ಸಂಗತಿ. ನನ್ನ ನೆಲಕ್ಕೆ ಸಿಮೆಂಟು ಹಾಕಲು ಕೈ ಎತ್ತುವಾಗ ನನ್ನನ್ನು ಕೇಳದವರಿಗೆ ನಾನೇಕೆ ಹೇಳಲಿ? ಹೇಳಲಿಲ್ಲ. ಅದಕ್ಕಾಗಿ ಇವತ್ತಿಗೂ ನನಗೆ ಬೇಸರವಿಲ್ಲ.

ಆ ಚಳಿಗಾಲ, ಬೇಸಿಗೆ ನಾನು ಮೂಲೆಯ ಗುಡ್ಡೆಗೆ ಏನೂ ಮಾಡಲಿಲ್ಲ. ಕೈ ಕಟ್ಟಿಕೊಂಡು ಕೂರುವುದು ನನ್ನಂಥವಳಿಗೆ ಬಹಳ ಕಷ್ಟದ ಕೆಲಸ. ನೀರು ಹಾಕಬೇಡಿ ಎಂದು ಜಲಜಕ್ಕ ಕಾವಲು ಕಾಯುತ್ತಿದ್ದರು. ರೇತಿ ಕಾದು ಬರಿಗಾಲಿಡಲು ಬಾರದ ಏಪ್ರಿಲಿನಲ್ಲೂ ಎಲೆ ಹಸಿರಾಗಿತ್ತು. ಖಾಡಿಯ ಕಡೆಯಿಂದ ಉಪ್ಪು ಗಾಳಿ ಬಿಟ್ಟೂಬಿಡದೆ ಬೀಸಿ ರೇತಿ ಹಾರಿಸಿ ಬಳ್ಳಿಯನ್ನು ಮುಚ್ಚಿದರೆ, ನಾಲ್ಕು ದಿನದಲ್ಲಿ ತುದಿ ಮೇಲೆ ಏಳುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಒಂದು ಗಳಿಗೆ ನಿಂತು ನೋಡಿ ಹೋಗುತ್ತಿದ್ದರು. ಮೀಟಿಂಗಿನಲ್ಲಿ ನಕ್ಕವರೂ ನಿಂತರು.

ಮೇ ತಿಂಗಳಲ್ಲಿ ಪಟ್ಟಿಯ ಸಿಮೆಂಟು ಉದ್ದಕ್ಕೆ ಸೀಳಿತು. ಜೂನಿನ ಮೊದಲ ಮಳೆ ಒಂದು ವಾರ ಹಿಡಿದ ಮೇಲೆ ಒಂದು ಕಡೆ ಎದ್ದು ನಿಂತಿತು. ಅಂಗಳದ ಬೇರೆಲ್ಲ ಸಿಮೆಂಟು ನೆಟ್ಟಗಿತ್ತು, ನನ್ನ ಪಟ್ಟಿ ಮಾತ್ರ ಒಡೆದ ಹಪ್ಪಳದ ಹಾಗೆ. ಪಾಟೀಲರ ಸ್ಕೂಟರೇ ಅದರ ಮೇಲೆ ವಾಲಿ ಬಿತ್ತು. ಅವರು ಛತ್ರಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ವೈನಿ, ಇದು ಹಿಂಗ್ಯಾಕ ಆತು?"

"ಎರೀ ಮಣ್ಣು. ಅದರ ಮ್ಯಾಲ ಯಾವುದೂ ನಿಲ್ಲಂಗಿಲ್ಲ."

"ಗೊತ್ತಿತ್ತೇನು ನಿಮಗ?"

"ಗೊತ್ತಿತ್ತು."

ಜಗಳಕ್ಕೆ ನಾನು ತಯಾರಾಗಿಯೇ ನಿಂತಿದ್ದೆ. ಅವರು ಛತ್ರಿಯ ನೀರು ಕೊಡವಿದರು. "ಆತ್ ಬಿಡ್ರಿ, ಒಡಸಿ ತಗಸ್ತೀನಿ. ಸಾಕಾತು ನನಗ. ನಿಮ್ಮ ಪಟ್ಟಿ ನೀವ ಇಟ್ಕೊರಿ, ನಿಮ್ಮ ಮಣ್ಣೂ ನೀವ ಇಟ್ಕೊರಿ."

ಒಂದು ವರ್ಷದ ಹಿಂದೆ ಈ ಮಾತು ಬಂದಿದ್ದರೆ ಸಕ್ಕರೆ ಹಂಚುತ್ತಿದ್ದೆ. ಈಗ ಗೋಡೆಯ ಮೂಲೆ ನೋಡಿದೆ. ಆ ಸುರಿಮಳೆಯಲ್ಲೂ ಅಲ್ಲಿ ಹನಿ ನೀರು ನಿಂತಿರಲಿಲ್ಲ.

"ಮಣ್ಣು ಬ್ಯಾಡ್ರಿ, ಅದನ್ನೂ ಎತ್ತಸ್ರಿ" ಎಂದೆ. "ಒಂದ ಗಾಡಿ ರೇತಿ ಹಾಕಸ್ರಿ. ತೊಳೀಬ್ಯಾಡ್ರಿ, ಖಾಡಿದು ಹೆಂಗ ಬರತೈತಿ ಹಂಗ."

ಮಳೆ ತುಸು ಬಿಡುವು ಕೊಟ್ಟಾಗ ಪಾಟೀಲರು ತಾವೇ ನಿಂತು ಆ ಕೆಲಸ ಮಾಡಿಸಿದರು. ಕರಿಮಣ್ಣು ಬುಟ್ಟಿಗಟ್ಟಲೆ ಹೊರಗೆ ಹೋಯಿತು. ಅತ್ತೆ ಒಂದು ಕುಂಡದಷ್ಟು ಕೇಳಿ ಇಟ್ಟುಕೊಂಡರು, ನಾನು ಕೇಳಲಿಲ್ಲ. ಲಾರಿ ಹಿಂದಕ್ಕೆ ಬಂದು ರೇತಿ ಸುರಿದು ಹೋಯಿತು. ಮೂಲೆಯಿಂದ ಒಂದು ತೋಳುದ್ದ ಬಳ್ಳಿ ಕಡಿದು ತಂದೆ. ಬಗ್ಗಿ ಅದನ್ನು ಊರಿ, ಗೊಬ್ಬರವಿಲ್ಲದೆ, ನೀರಿಲ್ಲದೆ, ಚಪ್ಪಲಿ ಬಿಟ್ಟು ಆ ಒರಟು ರೇತಿಯ ಮೇಲೆ ನಿಂತೆ. ಬೇಲಾಪುರಕ್ಕೆ ಬಂದ ಮೇಲೆ ಮೊದಲ ಸಲ, ನಾನು ನನ್ನ ನೆಲದ ಮೇಲೆ ನಿಂತಿದ್ದೇನೆ ಅನ್ನಿಸಿತು.